ಹಳೆಯ ಮದ್ದಿನ ಮರುವಿಚಾರ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆ ಮತ್ತು ಖಿನ್ನತೆಯ ಚಿಕಿತ್ಸೆಯ ಚರಿತ್ರೆ

ಖಿನ್ನತೆಯ ರೋಗಿಗೆ ಈಚಿನ ಔಷಧಗಳನ್ನು ಒಂದಾದ ಮೇಲೊಂದರಂತೆ ಕೊಟ್ಟು ನೋಡಿಯೂ ಗುಣ ಕಾಣದಿರುವಾಗ, ೧೯೫೦ರ ದಶಕದಲ್ಲಿ ಬಳಕೆಗೆ ಬಂದು ತರುವಾಯ ಮೂಲೆಗೆ ಸರಿದ ಹಳೆಯ ಔಷಧವೊಂದನ್ನು ಮತ್ತೆ ಕೈಗೆತ್ತಿಕೊಳ್ಳಬಹುದೆ ಎಂಬ ಪ್ರಶ್ನೆ ವೈದ್ಯರ ಮುಂದೆ ಆಗಾಗ ಬರುತ್ತದೆ. ಖಿನ್ನತೆಯ ಜೊತೆಗೆ ಜನರ ನಡುವೆ ನಿಲ್ಲಲಾರದ ಅಂಜಿಕೆಯೂ ಸೇರಿಕೊಂಡಿದ್ದರೆ ಈ ಪ್ರಶ್ನೆಗೆ ಇನ್ನಷ್ಟು ತೂಕ ಬರುತ್ತದೆ. ಯಾವ ರೋಗಿಗೆ ಯಾವ ಮದ್ದು ಎಂಬುದನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಅದಕ್ಕೆ ನಾವು ಕೈಹಾಕುವುದಿಲ್ಲ. ಆದರೆ ಒಂದು ಔಷಧವು ಹಳೆಯದಾಗುವುದು ಹೇಗೆ, ಅದು ಹಳೆಯದೆಂದು ತೀರ್ಮಾನಿಸಿದವರು ಯಾರು, ಒಂದು ಸೀಮೆಗೆ ಅದು ತಲಪಿದ್ದೋ ತಲಪದೆ ಉಳಿದದ್ದೋ ಯಾವ ಕಾರಣದಿಂದ ಎಂಬುವು ಇತಿಹಾಸದ ಪ್ರಶ್ನೆಗಳು. ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ತಾಲ್ಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ಆ ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಮೂರು ಊರುಗಳು ನೆರೆಹೊರೆಯವಾದರೂ ಒಂದೇ ಬಗೆಯ ನೆಲದವಲ್ಲ. ಕಡೂರು ಮಳೆ ಕಡಮೆಯ ಬಯಲು. ರಾಗಿ, ತೆಂಗುಗಳ ನಾಡು. ತರೀಕೆರೆ ಮಲೆನಾಡಿನ ಹೊಸ್ತಿಲು. ಅಡಕೆ ತೋಟವೂ ಭದ್ರೆಯ ನೀರೂ ಅದರ ಭಾಗ್ಯ, ಚಳಿಜ್ವರ ಅದರ ಹಳೆಯ ಪೀಡೆ. ಅಜ್ಜಂಪುರ ಎರೆಮಣ್ಣಿನ ನೆಲ. ಈರುಳ್ಳಿಗೂ ಅಮೃತಮಹಲ್ ರಾಸುಗಳಿಗೂ ಹೆಸರಾದುದು. ಅದು ತರೀಕೆರೆಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ, ೨೦೧೮ರ ಸುಮಾರಿಗೆ. ೧೮೬೩ರಲ್ಲಿ ಜಿಲ್ಲೆ ರಚಿತವಾದಾಗ ಅದಕ್ಕೆ ಕಡೂರಿನ ಹೆಸರನ್ನೇ ಇಡಲಾಯಿತು. ಎರಡು ವರ್ಷಗಳಲ್ಲಿ ಕಚೇರಿಗಳು ಚಿಕ್ಕಮಗಳೂರಿಗೆ ಹೋದವು. ಹೆಸರು ಮಾತ್ರ ೧೯೪೭ರವರೆಗೆ ಉಳಿಯಿತು. ಜಿಲ್ಲಾಕೇಂದ್ರ ದೂರ ಸರಿದರೂ ರೈಲು ಹತ್ತಿರ ಬಂದಿತು. ಬೆಂಗಳೂರಿನಿಂದ ಪುಣೆಗೆ ಹೋಗುವ ದಾರಿಯಲ್ಲಿ ಕಡೂರು, ಬೀರೂರು, ಅಜ್ಜಂಪುರಗಳಿವೆ. ಬೀರೂರಿನಿಂದ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ ದಾರಿ ೧೮೮೯ರಲ್ಲಿ ತೆರೆಯಿತು. ಮನೋರೋಗದ ಚಿಕಿತ್ಸೆಯನ್ನು ಕುರಿತ ಲೇಖನದಲ್ಲಿ ರೈಲಿನ ಮಾತೇಕೆಂದು ವಾಚಕರು ಕೇಳಬಹುದು. ಮನಸ್ಸಿನ ಕಾಯಿಲೆಗೆಂದೇ ಇದ್ದ ಆಸ್ಪತ್ರೆ ಈ ಸೀಮೆಯವರಿಗೆ ದೀರ್ಘಕಾಲ ಬೆಂಗಳೂರಿನದೊಂದೇ ಆಗಿದ್ದಿತು. ಅದು ಕಡೂರಿನಿಂದ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ಪಯಣ. ಬೀದಿಯಲ್ಲಿ ನಾಲ್ಕು ಜನರೆದುರು ನಡೆಯಲು ಅಂಜುವ ಮನುಷ್ಯನಿಗೆ ತುಂಬಿದ ಡಬ್ಬಿಯಲ್ಲಿ ಕುಳಿತು ಅಷ್ಟು ದೂರ ಹೋಗುವುದೇ ರೋಗಕ್ಕಿಂತ ದೊಡ್ಡ ಶಿಕ್ಷೆ.

ಆ ಅಂಜಿಕೆಗೆ ಕನ್ನಡದಲ್ಲಿ ಹೆಸರಿಲ್ಲದೆ ಇಲ್ಲ. ಸಂಕೋಚ, ಲಜ್ಜೆ, ಅಳುಕು, ದಾಕ್ಷಿಣ್ಯ ಮೊದಲಾದ ಮಾತುಗಳಿವೆ. ಸಭೆಯೆದುರು ಕೈಕಾಲು ನಡುಗುವುದಕ್ಕೆ ಸಭಾಕಂಪವೆಂಬ ಒಳ್ಳೆಯ ಪದವೂ ಇದೆ. ಈ ಮಾತುಗಳಲ್ಲಿ ಹೆಚ್ಚಿನವು ಗುಣವಾಚಕಗಳೇ ಹೊರತು ರೋಗವಾಚಕಗಳಲ್ಲ ಎಂಬುದನ್ನು ಗಮನಿಸಬೇಕು. ಸಂಕೋಚದ ಹುಡುಗಿಯನ್ನು ವಿನಯವಂತೆಯೆಂದು ಹೊಗಳುತ್ತೇವೆ. ಅಂತರಘಟ್ಟೆಯ ಜಾತ್ರೆಗೆ ಊರೆಲ್ಲ ಗಾಡಿ ಕಟ್ಟಿದಾಗ ಮನೆಯಲ್ಲೇ ಉಳಿಯುವ ತರುಣನನ್ನು ಮೌನಿಯೆಂದು ಬಿಟ್ಟುಬಿಡುತ್ತೇವೆ. ನಮ್ಮ ತರಗತಿಗಳಲ್ಲಿಯೂ ಇಂಥವರಿದ್ದಾರೆ. ಹಾಜರಿ ಕೂಗಿದಾಗ ಸ್ವರ ಹೊರಡದವರು, ಮೌಖಿಕ ಪರೀಕ್ಷೆಯ ದಿನವೇ ಗೈರುಹಾಜರಾಗುವವರು, ಅಂಕಗಳು ಚೆನ್ನಾಗಿದ್ದೂ ಎರಡನೆಯ ವರ್ಷಕ್ಕೆ ಮರಳಿ ಬಾರದವರು. ಇವರಲ್ಲಿ ಎಲ್ಲರೂ ರೋಗಿಗಳಲ್ಲ. ಆದರೆ ಕೆಲವರು ಹೌದು. ವರ್ಷಗಳು ಕಳೆದಂತೆ ಅವರಲ್ಲಿ ಅನೇಕರಿಗೆ ಅಂಜಿಕೆಯ ಬೆನ್ನ ಹಿಂದೆಯೇ ಖಿನ್ನತೆ ಬಂದು ಸೇರುತ್ತದೆ. ವೈದ್ಯಶಾಸ್ತ್ರವೂ ಇದನ್ನು ಬೇರೆಯೇ ಆದ ವ್ಯಾಧಿಯೆಂದು ಎಣಿಸಿದ್ದು ತಡವಾಗಿ. ಅಮೆರಿಕದ ಮನೋವೈದ್ಯ ಸಂಘದ ರೋಗವರ್ಗೀಕರಣದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ದೊರೆತದ್ದು ೧೯೮೦ರಲ್ಲಿ.

ಈಗ ಔಷಧಗಳ ಕಡೆಗೆ ಬರೋಣ. ಖಿನ್ನತೆಯ ಮೊದಲ ಮದ್ದು ಕ್ಷಯರೋಗದ ವಾರ್ಡಿನಿಂದ ಬಂದಿತು. ೧೯೫೨ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಐಸೋನಿಯಜಿಡ್ ಮತ್ತು ಅದರ ಸೋದರವಾದ ಇಪ್ರೋನಿಯಜಿಡ್ ಎಂಬ ಎರಡು ಔಷಧಗಳನ್ನು ಕ್ಷಯರೋಗಿಗಳಿಗೆ ಕೊಟ್ಟಾಗ, ಶ್ವಾಸಕೋಶಕ್ಕಿಂತ ಮೊದಲೇ ರೋಗಿಗಳ ಮನಸ್ಸು ಚೇತರಿಸಿಕೊಂಡದ್ದು ಕಂಡಿತು. ಅದೇ ವರ್ಷ ಜೆಲ್ಲರ್ ಎಂಬ ವಿಜ್ಞಾನಿ ಇಪ್ರೋನಿಯಜಿಡ್ ಮಾನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ತಡೆಯುತ್ತದೆಂದು ತೋರಿಸಿದರು. ೧೯೫೭ರಲ್ಲಿ ನೇಥನ್ ಕ್ಲೈನ್ ಮತ್ತು ಸಹೋದ್ಯೋಗಿಗಳು ಅದನ್ನು ಖಿನ್ನತೆಯ ಚಿಕಿತ್ಸೆಗೆ ತಂದರು. ಕಾಮಾಲೆಯ ಭಯದಿಂದ ಅಮೆರಿಕದಲ್ಲಿ ೧೯೬೧ರಲ್ಲಿ ಅದನ್ನು ಹಿಂತೆಗೆದುಕೊಂಡರೂ ಅದೇ ವರ್ಗದ ಫಿನೆಲ್ಜಿನ್, ಟ್ರಾನಿಲ್‌ಸಿಪ್ರೊಮಿನ್‌ಗಳು ಅದರ ಸ್ಥಾನಕ್ಕೆ ಬಂದವು. ಮತ್ತೊಂದು ಕುಲ ಸ್ವಿಟ್ಜರ್ಲೆಂಡಿನದು. ಮುನ್‌ಸ್ಟರ್ಲಿಂಗೆನ್ ಆಸ್ಪತ್ರೆಯ ರೋಲಂಡ್ ಕೂನ್ ೧೯೫೭ರಲ್ಲಿ ಇಮಿಪ್ರಮಿನ್ ಖಿನ್ನತೆಯನ್ನು ಇಳಿಸುತ್ತದೆಂದು ವರದಿ ಮಾಡಿದರು. ರಚನೆಯಲ್ಲಿ ಮೂರು ಉಂಗುರಗಳಿರುವುದರಿಂದ ಈ ಕುಲಕ್ಕೆ ಟ್ರೈಸೈಕ್ಲಿಕ್ ಎಂದು ಹೆಸರಾಯಿತು. ಅಮಿಟ್ರಿಪ್ಟಿಲಿನ್ ಇದರ ಬಹುಪ್ರಚಾರದ ಸಂತಾನ. ಕೂನರ ಪ್ರಯೋಗಗಳು ರೋಗಿಗಳ ಒಪ್ಪಿಗೆಯನ್ನು ಸರಿಯಾಗಿ ಪಡೆಯದೆ ನಡೆದುವೆಂಬುದು ಇತ್ತೀಚಿನ ಚಾರಿತ್ರಿಕ ಶೋಧನೆಯಿಂದ ಹೊರಬಿದ್ದಿದೆ. ಆ ಕಾಲದ ವೈದ್ಯಕೀಯ ಸಾಹಸಗಳನ್ನು ಓದುವಾಗ ಇದನ್ನು ನೆನಪಿನಲ್ಲಿಡುವುದು ಲೇಸು.

ಈ ವಿಷಯದಲ್ಲಿ ನಮ್ಮ ನಾಡಿನ ಬೇರೊಂದರ ಪಾತ್ರವೂ ಉಂಟು. ಸರ್ಪಗಂಧದ ಬೇರನ್ನು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಕೊಡಬಹುದೆಂದು ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ೧೯೩೧ರಲ್ಲಿ ಪ್ರಕಟಿಸಿದ್ದರು. ಅದರ ಸಾರವಾದ ರಿಸರ್ಪಿನ್ ಪ್ರಾಣಿಗಳನ್ನು ಮಂಕಾಗಿಸುವುದೂ, ಮೇಲೆ ಹೇಳಿದ ಔಷಧಗಳು ಆ ಮಂಕನ್ನು ತಡೆಯುವುದೂ ಕಂಡುಬಂದ ಮೇಲೆಯೇ ಮೆದುಳಿನ ಅಮೈನುಗಳ ಕೊರತೆಯಿಂದ ಖಿನ್ನತೆ ಬರುತ್ತದೆಂಬ ವಾದ ಹುಟ್ಟಿತು. ಆ ವಾದ ಈಗ ಹಳೆಯ ರೂಪದಲ್ಲಿ ಉಳಿದಿಲ್ಲ.

ಮೊದಲ ಕುಲದ ಪತನಕ್ಕೆ ಕಾರಣವಾದದ್ದು ಒಂದು ತಿನಿಸು. ಫಿನೆಲ್ಜಿನ್, ಟ್ರಾನಿಲ್‌ಸಿಪ್ರೊಮಿನ್ ಸೇವಿಸುತ್ತಿದ್ದ ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು ಬಂದು, ಮೆದುಳಿನಲ್ಲಿ ರಕ್ತಸ್ರಾವವಾಗಿ ಸಾವುಗಳೂ ಸಂಭವಿಸಿದವು. ನಾಟಿಂಗ್‌ಹ್ಯಾಮಿನ ಔಷಧಗಾರನೊಬ್ಬ ತನ್ನ ಹೆಂಡತಿಗೆ ಚೀಸ್ ತಿಂದಾಗಲೆಲ್ಲ ಹೀಗಾಗುತ್ತದೆಂದು ಪತ್ರ ಬರೆದ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ತರುಣ ವೈದ್ಯ ಬ್ಯಾರಿ ಬ್ಲ್ಯಾಕ್‌ವೆಲ್ ೧೯೬೩ರಲ್ಲಿ ಈ ನಂಟನ್ನು ಸ್ಥಾಪಿಸಿದರು. ಹಳಸಿ ಹದಗೊಂಡ ಚೀಸಿನಲ್ಲಿ ಟೈರಮಿನ್ ಎಂಬ ವಸ್ತುವಿರುತ್ತದೆ. ಸಾಮಾನ್ಯರಲ್ಲಿ ಕರುಳು ಮತ್ತು ಯಕೃತ್ತಿನ ಕಿಣ್ವವು ಅದನ್ನು ನಾಶಮಾಡುತ್ತದೆ. ಔಷಧವು ಆ ಕಿಣ್ವವನ್ನೇ ತಡೆದಿರುವುದರಿಂದ ಟೈರಮಿನ್ ರಕ್ತಕ್ಕೆ ಸೇರಿ ಒತ್ತಡವನ್ನು ಮೇಲಕ್ಕೆಸೆಯುತ್ತದೆ. ೧೯೬೪ರಲ್ಲಿ ಅಮೆರಿಕ ಟ್ರಾನಿಲ್‌ಸಿಪ್ರೊಮಿನನ್ನು ಮಾರುಕಟ್ಟೆಯಿಂದ ಹಿಂತೆಗೆದು, ಸ್ವಲ್ಪಕಾಲದಲ್ಲೇ ನಿರ್ಬಂಧಗಳೊಡನೆ ಮರಳಿ ಬಿಟ್ಟಿತು. ಔಷಧ ಮರಳಿತು, ವಿಶ್ವಾಸ ಮರಳಲಿಲ್ಲ.

ಭಯದ ಜೊತೆಗೆ ಒಂದು ಪರೀಕ್ಷೆಯೂ ಸೇರಿಕೊಂಡಿತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿ ೧೯೬೫ರಲ್ಲಿ ೨೫೦ ಮಂದಿ ಖಿನ್ನತೆಯ ರೋಗಿಗಳ ಪ್ರಯೋಗವನ್ನು ಪ್ರಕಟಿಸಿತು. ವಿದ್ಯುತ್ ಚಿಕಿತ್ಸೆ ಮತ್ತು ಇಮಿಪ್ರಮಿನ್ ಗೆದ್ದವು. ಫಿನೆಲ್ಜಿನ್ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ. ಈ ತೀರ್ಪು ಪಠ್ಯಪುಸ್ತಕಗಳಲ್ಲಿ ಬೇರೂರಿತು. ಆದರೆ ಅಲ್ಲಿ ಪರೀಕ್ಷೆಗೊಳಗಾದವರು ಆಸ್ಪತ್ರೆಯಲ್ಲಿ ದಾಖಲಾಗಿದ್ದ, ವಯಸ್ಸಾದ, ತೀವ್ರ ಖಿನ್ನತೆಯವರು. ಫಿನೆಲ್ಜಿನ್ ಕುಲ ಯಾರಿಗೆ ಒಳ್ಳೆಯದೆಂದು ಸೇಂಟ್ ಥಾಮಸ್ ಆಸ್ಪತ್ರೆಯ ವೆಸ್ಟ್ ಮತ್ತು ಡಾಲಿ ೧೯೫೯ರಲ್ಲೇ ಹೇಳಿದ್ದರೋ, ಅಂದರೆ ಅಂಜಿಕೆ, ಬಳಲಿಕೆ ಮುಂದಾಗಿರುವ, ರೂಢಿಯ ಲಕ್ಷಣಗಳಿಗೆ ಹೊಂದದ ಖಿನ್ನತೆಯವರು, ಅವರು ಆ ಪ್ರಯೋಗದಲ್ಲಿ ಪ್ರಧಾನರಾಗಿರಲಿಲ್ಲ. ಒಬ್ಬರ ಮೇಲೆ ನಡೆಸಿದ ವಿಚಾರಣೆಯಿಂದ ಇನ್ನೊಬ್ಬರ ಮೊಕದ್ದಮೆ ತೀರ್ಮಾನವಾಯಿತೆನ್ನಬಹುದು. ನಮ್ಮ ಅಭಿಪ್ರಾಯದಲ್ಲಿ ಈ ಔಷಧವು 'ಹಳೆಯದು' ಎನಿಸಿಕೊಂಡುದಕ್ಕೆ ಅದರ ಗುಣದೋಷಗಳಷ್ಟೇ ಈ ತಪ್ಪು ಅನ್ವಯವೂ ಕಾರಣ.

ಸಭಾಕಂಪದ ವಿಷಯದಲ್ಲಿ ಮೊಕದ್ದಮೆ ಮತ್ತೆ ತೆರೆಯಿತು. ೧೯೮೫ರಲ್ಲಿ ನ್ಯೂಯಾರ್ಕಿನ ಮೈಕೇಲ್ ಲೀಬೋವಿಟ್ಸ್ ಮತ್ತು ಸಂಗಡಿಗರು ಇದನ್ನು ಉಪೇಕ್ಷಿತ ವ್ಯಾಧಿಯೆಂದು ಕರೆದು ಬರೆದರು. ೧೯೯೨ರಲ್ಲಿ ಅವರೇ ಪ್ರಕಟಿಸಿದ ಪ್ರಯೋಗದಲ್ಲಿ ಫಿನೆಲ್ಜಿನ್ ಪಡೆದವರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲಿನವರಿಗೆ ಗುಣ ಕಂಡಿತು. ಅಟೆನೊಲಾಲ್ ಮತ್ತು ಹುಸಿಗುಳಿಗೆಯ ಗುಂಪುಗಳು ಬಹಳ ಹಿಂದೆ ಉಳಿದವು. ೧೯೯೮ರಲ್ಲಿ ಹೈಂಬರ್ಗ್ ಮತ್ತು ಸಂಗಡಿಗರು ಇದೇ ಔಷಧವನ್ನು ಗುಂಪಿನಲ್ಲಿ ನಡೆಸುವ ಮಾತಿನ ಚಿಕಿತ್ಸೆಯೊಡನೆ ಹೋಲಿಸಿದರು. ಔಷಧ ಬೇಗ ಫಲ ಕೊಟ್ಟಿತು. ಮಾತಿನ ಚಿಕಿತ್ಸೆಯ ಫಲ ಹೆಚ್ಚು ಕಾಲ ನಿಂತಿತು. ಟ್ರೈಸೈಕ್ಲಿಕ್ ಕುಲಕ್ಕಾದರೋ ಈ ಅಂಜಿಕೆಯಲ್ಲಿ ಅಂಥ ಕೀರ್ತಿ ಬಂದಿಲ್ಲ.

ಇಲ್ಲಿಗೆ ನಮ್ಮ ಸೀಮೆಯ ವಿಚಾರಕ್ಕೆ ಮರಳಬಹುದು. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. ಅದರ ಮಗ್ಗುಲಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಇವೆರಡೂ ಕೂಡಿ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಆ ಸಂಸ್ಥೆ ಸಮುದಾಯ ಮನೋವೈದ್ಯ ವಿಭಾಗವನ್ನು ತೆರೆದು, ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರ ಮೂಲಕ ಚಿಕಿತ್ಸೆ ಸಾಧ್ಯವೆ ಎಂದು ನೋಡತೊಡಗಿತು. ಮನೋರೋಗ ನಗರದ ಕಾಯಿಲೆಯಲ್ಲವೆಂಬುದನ್ನು ಕರಾವಳಿಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ನಡೆಸಿ ೧೯೭೬ರಲ್ಲಿ ಗ್ರಂಥವಾಗಿ ತಂದ ಅಧ್ಯಯನವೂ ತೋರಿಸಿತು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ೧೯೮೫ರಿಂದ ೧೯೯೦ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಅದರ ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕೆಲವೇ ವಾರಗಳ ತರಬೇತಿ, ಕೈಬೆರಳಿನಲ್ಲಿ ಎಣಿಸಬಹುದಾದಷ್ಟೇ ಔಷಧಗಳು. ಖಿನ್ನತೆಗೆ ಇದ್ದುದು ಟ್ರೈಸೈಕ್ಲಿಕ್ ಗುಳಿಗೆ. ೧೯೯೬ರಲ್ಲಿ ಈ ಮಾದರಿಯೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ದೇಶದಲ್ಲಿ ಆರಂಭವಾಗಿ, ಕಾಲಕ್ರಮದಲ್ಲಿ ಕರ್ನಾಟಕದ ಎಲ್ಲ ಜಿಲ್ಲೆಗಳಿಗೂ ಹರಡಿತು.

ಅಂದರೆ ಪಶ್ಚಿಮದೇಶಗಳಲ್ಲಿ ಹಳೆಯದಾದ ಟ್ರೈಸೈಕ್ಲಿಕ್ ಮದ್ದು ನಮ್ಮ ತಾಲ್ಲೂಕುಗಳ ಮಟ್ಟಿಗೆ ಹೊಸದಾಗಿ ಬಂದದ್ದೇ ೧೯೮೦ರ ದಶಕದ ಈಚೆಗೆ. ಅದು ಅಗ್ಗ, ವಿಶ್ವ ಆರೋಗ್ಯ ಸಂಸ್ಥೆ ೧೯೭೭ರಲ್ಲಿ ಪ್ರಕಟಿಸಿದ ಮೊದಲ ಅಗತ್ಯ ಔಷಧ ಪಟ್ಟಿಯಲ್ಲಿಯೇ ಅಮಿಟ್ರಿಪ್ಟಿಲಿನ್ ಇತ್ತು. ಸಭಾಕಂಪಕ್ಕೆ ಹೆಚ್ಚು ಪ್ರಯೋಜನ ಕಂಡ ಫಿನೆಲ್ಜಿನ್ ಕುಲ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ, ಬಳ್ಳಾರಿಯ ಪೆಟ್ಟಿಗೆಯಲ್ಲೂ ಇರಲಿಲ್ಲ. ವಿಚಿತ್ರವೆಂದರೆ ಅದರ ಸೋದರ ಐಸೋನಿಯಜಿಡ್ ೧೯೬೨ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದೊಡನೆ ಹಳ್ಳಿಹಳ್ಳಿಯನ್ನು ಮುಟ್ಟಿತು. ಆ ಕಾರ್ಯಕ್ರಮದ ರೂಪರೇಖೆ ಸಿದ್ಧವಾದದ್ದು ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ. ಒಂದೇ ವಾರ್ಡಿನಲ್ಲಿ ಹೆಸರು ಪಡೆದ ಎರಡು ಮದ್ದುಗಳಲ್ಲಿ ಒಂದಕ್ಕೆ ದಾರಿ ಸಿಕ್ಕಿತು, ಇನ್ನೊಂದರ ಕುಲಕ್ಕೆ ಸಿಗಲಿಲ್ಲ. ೧೯೯೦ರ ದಶಕದಲ್ಲಿ ಮೂರನೆಯ ಕುಲ ಬಂದಿತು: ಫ್ಲುಯೊಕ್ಸೆಟಿನ್ ಮೊದಲಾದುವು. ೧೯೭೦ರ ಪೇಟೆಂಟ್ ಕಾಯ್ದೆಯ ಬಲದಿಂದ ಭಾರತೀಯ ಕಾರ್ಖಾನೆಗಳು ಅವನ್ನು ಅಗ್ಗವಾಗಿ ತಯಾರಿಸಿದ ಕಾರಣ ತಾಲ್ಲೂಕು ಕೇಂದ್ರದ ಔಷಧದ ಅಂಗಡಿಗಳಿಗೂ ಅವು ತಲಪಿದವು. ಅವು ಸಭಾಕಂಪಕ್ಕೂ ಆಗಿಬರುತ್ತವೆ, ಚೀಸಿನ ಭಯವಿಲ್ಲ, ಮಿತಿಮೀರಿ ನುಂಗಿದರೂ ಟ್ರೈಸೈಕ್ಲಿಕ್‌ಗಳಂತೆ ಹೃದಯವನ್ನು ನಿಲ್ಲಿಸುವ ಅಪಾಯ ಕಡಮೆ. ಮೊದಲು ಇವನ್ನೇ ಕೊಡುವುದು ಯುಕ್ತವೆಂಬುದರಲ್ಲಿ ವಿವಾದವಿಲ್ಲ.

ವಿವಾದವಿರುವುದು ಇವಕ್ಕೂ ಬಗ್ಗದ ಖಿನ್ನತೆಯ ವಿಷಯದಲ್ಲಿ. ಎರಡು ಔಷಧಗಳನ್ನು ತಕ್ಕ ಪ್ರಮಾಣದಲ್ಲಿ, ತಕ್ಕಷ್ಟು ವಾರಗಳ ಕಾಲ ಕೊಟ್ಟೂ ಗುಣವಾಗದಿದ್ದರೆ ಆ ಹೆಸರನ್ನು ಕೊಡುವುದು ವಾಡಿಕೆ. ಈ ಲಕ್ಷಣವಾಕ್ಯದಲ್ಲಿ 'ತಕ್ಕ' ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಏನರ್ಥ? ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಫಲ ಕೊಡಬೇಕಾದರೆ ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ ೭೫ರಿಂದ ೧೫೦ ಮಿಲಿಗ್ರಾಂ ಬೇಕು. ನಿದ್ರೆಗೆಂದು ೨೫ ಮಿಲಿಗ್ರಾಮಿನ ಒಂದು ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವನು, ದಾಸ್ತಾನು ಮುಗಿದ ತಿಂಗಳು ಬಿಟ್ಟು ಬಂದ ತಿಂಗಳು ನುಂಗಿದವಳು, ಬಿತ್ತನೆಯ ಕಾಲದಲ್ಲಿ ಬಸ್ಸಿನ ಖರ್ಚಿಗಿಲ್ಲದೆ ನಿಲ್ಲಿಸಿದವನು, ಇವರ ರೋಗ ಚಿಕಿತ್ಸೆಗೆ ಬಗ್ಗದ್ದೆಂದು ಹೇಳುವುದು ಹೇಗೆ? ನಿಮ್ಹಾನ್ಸ್ ಸಂಸ್ಥೆ ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳವರಲ್ಲಿ ನೂರಕ್ಕೆ ಸುಮಾರು ಎಂಬತ್ತೈದು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಆ ಸಮೀಕ್ಷೆ ನಡೆದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕ ಸೇರಿರಲಿಲ್ಲವೆಂಬುದು ನಿಜ. ಆದರೆ ಕಡೂರಿನ ಬಯಲು ಇದಕ್ಕೆ ಅಪವಾದವೆಂದು ಭಾವಿಸಲು ಕಾರಣವಿಲ್ಲ. ಆದುದರಿಂದ ಹಳೆಯ ಮದ್ದಿನ ವಿಚಾರ ಎತ್ತುವ ಮೊದಲು, ಹೊಸದು ನಿಜವಾಗಿ ಸೋತಿತೋ ಅಥವಾ ಅದು ಆ ರೋಗಿಯನ್ನು ಪೂರ್ತಿಯಾಗಿ ತಲಪಲೇ ಇಲ್ಲವೋ ಎಂಬುದನ್ನು ಚೀಟಿಗಳನ್ನು ಮುಂದಿಟ್ಟುಕೊಂಡು ನೋಡಬೇಕಾಗುತ್ತದೆ.

ಹಾಗೆ ನೋಡಿದ ಮೇಲೂ ಕೆಲವರು ಉಳಿಯುತ್ತಾರೆ. ಅವರ ಪಾಲಿಗೆ ಹಳೆಯ ಕುಲ ನಿಷಿದ್ಧವೇನೂ ಅಲ್ಲ, ಪವಾಡವೂ ಅಲ್ಲ. ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ರೋಗಿಗಳ ಮೇಲೆ ನಡೆದು ೨೦೦೬ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ನಾಲ್ಕನೆಯ ಹಂತದಲ್ಲಿ ಟ್ರಾನಿಲ್‌ಸಿಪ್ರೊಮಿನಿಂದ ಪೂರ್ಣ ಗುಣ ಹೊಂದಿದವರು ನೂರಕ್ಕೆ ಏಳರಷ್ಟು ಮಾತ್ರ. ಅಲ್ಲಿ ಕೊಟ್ಟ ಪ್ರಮಾಣ ಕಡಮೆಯಾಯಿತೆಂಬ ಆಕ್ಷೇಪ ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಆ ಅಂಕಿಯನ್ನು ಮರೆಮಾಚಲಾಗದು.

ಆಹಾರದ ನಿಯಮ ನಮ್ಮ ಕಡೆ ಇಂಗ್ಲೆಂಡಿನಲ್ಲಿದ್ದಷ್ಟು ಕಠಿಣವೆನಿಸಲಾರದು. ಮುದ್ದೆ, ಸೊಪ್ಪಿನ ಸಾರು, ಹಾಲು, ಅಂದಂದಿನ ಮೊಸರುಗಳಿಗೆ ಅಡ್ಡಿಯಿಲ್ಲ. ಹಳಸಿದ ಚೀಸ್ ನಮ್ಮ ಅಡಿಗೆಮನೆಯ ಪದಾರ್ಥವೇ ಅಲ್ಲ. ಆದರೆ ಭಾಷಾಂತರದ ಅಪಾಯವೊಂದುಂಟು. ವಿದೇಶದ ನಿಷೇಧಪಟ್ಟಿಯಲ್ಲಿರುವ ಅಗಲದ ಬೀನ್ಸ್ ಬೇರೆ ಗಿಡ; ಅದನ್ನು ಅವರೆಯೆಂದು ಅನುವಾದಿಸಿ ಕಡೂರಿನ ರೈತನಿಗೆ ಅವರೆಕಾಯಿ ಕಾಲದಲ್ಲಿ ಉಪವಾಸ ವಿಧಿಸುವುದು ಪಟ್ಟಿಯ ತಪ್ಪು ಓದು. ಅದೇ ವೇಳೆ, ಆ ಪಟ್ಟಿಯಲ್ಲಿ ಎದ್ದುಕಾಣದ ನಮ್ಮ ನಸುಗುನ್ನಿಯ ಬೀಜದಲ್ಲಿ ಲೆವೊಡೋಪ ಹೇರಳವಾಗಿದೆ. ಪುಷ್ಟಿಯ ಚೂರ್ಣಗಳಲ್ಲಿ ಅದು ಸೇರಿರುವುದರಿಂದ ಅಪಾಯ ನಿಜವಾದದ್ದು. ಇದಕ್ಕಿಂತ ದೊಡ್ಡ ಭಯ ಬೇರೆ ಔಷಧಗಳದು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೆಗಡಿಯ ಗುಳಿಗೆ, ಕೆಮ್ಮಿನ ಸಿರಪ್ ಕೂಡ ಇದರೊಡನೆ ಪ್ರಾಣಾಂತಕವಾಗಬಹುದು. ಹೊಸ ಔಷಧದಿಂದ ಹಳೆಯದಕ್ಕೆ ಬದಲಿಸುವಾಗ ನಡುವೆ ಎರಡು ವಾರ, ಫ್ಲುಯೊಕ್ಸೆಟಿನ್ ಆಗಿದ್ದರೆ ಐದು ವಾರ ಬಿಡುವಿರಬೇಕು. ಖಿನ್ನತೆಯ ರೋಗಿ ಯಾವ ಆಸರೆಯೂ ಇಲ್ಲದೆ ಕಳೆಯಬೇಕಾದ ಆ ವಾರಗಳಲ್ಲಿ ಮನೆಯವರ ಕಣ್ಣು ಅವನ ಮೇಲಿರಬೇಕು. ೧೯೮೪ರಲ್ಲಿ ನ್ಯೂಯಾರ್ಕಿನಲ್ಲಿ ಫಿನೆಲ್ಜಿನ್ ಸೇವಿಸುತ್ತಿದ್ದ ತರುಣಿಯೊಬ್ಬಳಿಗೆ ರಾತ್ರಿ ಆಸ್ಪತ್ರೆಯಲ್ಲಿ ಪೆಥಿಡಿನ್ ಚುಚ್ಚುಮದ್ದು ಕೊಟ್ಟ ಮೇಲೆ ಅವಳು ತೀರಿಕೊಂಡಳು. ಆ ಪ್ರಕರಣದಿಂದ ಆ ರಾಜ್ಯದಲ್ಲಿ ಕಿರಿಯ ವೈದ್ಯರ ದುಡಿಮೆಯ ಗಂಟೆಗಳಿಗೆ ಕಾನೂನಿನ ಮಿತಿ ಬಂದಿತು. ತರೀಕೆರೆಯ ಆಸ್ಪತ್ರೆಗೆ ನಡುರಾತ್ರಿ ಅಪಘಾತವಾಗಿ ಬಂದ ರೋಗಿ ಇಂಥ ಮದ್ದು ಸೇವಿಸುತ್ತಿದ್ದಾನೆಂದು ಪಾಳಿಯ ವೈದ್ಯರಿಗೆ ತಿಳಿಯುವುದು ಹೇಗೆ? ಬ್ರಿಟನ್ನಿನಲ್ಲಿ ಇದಕ್ಕೆಂದೇ ರೋಗಿಯ ಜೇಬಿನಲ್ಲಿಡುವ ಕಾರ್ಡು ಇತ್ತು. ಇಲ್ಲಿಯೂ ಕನ್ನಡದಲ್ಲಿ ಅಚ್ಚು ಮಾಡಿದ ಅಂಥದೊಂದು ಕಾರ್ಡು ಇರಬೇಕು. ಆದರೆ ತನ್ನ ಕಾಯಿಲೆ ಯಾರಿಗೂ ತಿಳಿಯಬಾರದೆಂಬುದೇ ಯಾರ ಕಾಯಿಲೆಯ ತಿರುಳೋ ಅವರು ಅದನ್ನು ಜೇಬಿನಲ್ಲಿಟ್ಟುಕೊಳ್ಳುವಂತೆ ಮಾಡುವುದು ಸುಲಭವಲ್ಲ. ಆ ಕೆಲಸಕ್ಕೆ ವೈದ್ಯರಿಗಿಂತ ಹೆಚ್ಚಾಗಿ ಮನೆಯಲ್ಲಿ ಒಬ್ಬ ನಂಬಿಕಸ್ತರು ಬೇಕು.

೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ೧೮ನೆಯ ವಿಧಿಯಂತೆ, ಸರ್ಕಾರ ಅಧಿಸೂಚಿಸಿದ ಅಗತ್ಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಉಚಿತವಾಗಿ ದೊರೆಯಬೇಕು. ೨೦೨೨ರ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲಿ ಖಿನ್ನತೆಗೆ ಅಮಿಟ್ರಿಪ್ಟಿಲಿನ್, ಫ್ಲುಯೊಕ್ಸೆಟಿನ್, ಎಸ್ಸಿಟಲೊಪ್ರಾಂ ಇವೆ. ಫಿನೆಲ್ಜಿನ್ ಕುಲದ ಯಾವುದೂ ಇಲ್ಲ. ಹೀಗಾಗಿ ೧೯೬೩ರ ಭಯವೂ ೧೯೬೫ರ ತೀರ್ಪೂ ಇಂದಿಗೂ ಅಜ್ಜಂಪುರದ ರೋಗಿಯ ಆಯ್ಕೆಯನ್ನು ಗೆರೆಯೆಳೆದು ನಿಲ್ಲಿಸಿವೆ.

ಈ ಚರಿತ್ರೆಯನ್ನು ಇನ್ನೂ ಹತ್ತಿರದಿಂದ ಬರೆಯಬೇಕಾದರೆ ಆಕರಗಳು ಊರಿನಲ್ಲೇ ಸಿಗಬೇಕು. ತಾಲ್ಲೂಕು ಆಸ್ಪತ್ರೆಗಳ ದಾಸ್ತಾನು ಪುಸ್ತಕ, ಇಂಡೆಂಟ್ ಪುಸ್ತಕಗಳಲ್ಲಿ ಯಾವ ಮದ್ದು ಯಾವ ವರ್ಷ ಬಂದಿತು, ಎಷ್ಟು ತಿಂಗಳು ಬರಿದಾಗಿತ್ತು ಎಂಬುದು ದಾಖಲಾಗಿರುತ್ತದೆ. ಕಡೂರು, ತರೀಕೆರೆಗಳ ಕಡೆಯ ಸ್ನಾತಕೋತ್ತರ ವಿದ್ಯಾರ್ಥಿಗಳು ಅನುಮತಿ ಪಡೆದು ಇವನ್ನು ಪ್ರಬಂಧಕ್ಕೆ ವಿಷಯವಾಗಿ ಎತ್ತಿಕೊಳ್ಳಬಹುದು. ಔಷಧದ ಹೆಸರು, ಪ್ರಮಾಣ, ತಾರೀಖುಗಳಷ್ಟನ್ನೇ ನಕಲು ಮಾಡಿಕೊಳ್ಳಬೇಕು; ರೋಗಿಗಳ ಹೆಸರುಗಳನ್ನಲ್ಲ.